ಗಾಜಿನ ಮನೆಯ ಜೌಗು, ಭೀಮೆಯ ದಂಡೆ

ನೆರೆಮನೆಯ ದೀಪವನ್ನು ನೋಡುತ್ತ ನಿಂತವನಿಗೆ ತನ್ನ ಮನೆಯ ಹಣತೆಯಲ್ಲಿ ಎಣ್ಣೆ ತೀರಿದ್ದು ತಿಳಿಯುವದಿಲ್ಲ. ಈ ಮಾತಿನ ಸತ್ಯವು ನಮ್ಮ ಅನುಭವಕ್ಕೆ ಬಂದುದು ಒಂದು ಸಣ್ಣ ಪ್ರಸಂಗದಿಂದ. ಹೋದ ವರ್ಷ ಮೊಮ್ಮಗಳನ್ನು ಕರೆದುಕೊಂಡು ದೂರದ ಒಂದು ದೊಡ್ಡ ಪಟ್ಟಣದ ಮೃಗಾಲಯಕ್ಕೆ ಹೋಗಿದ್ದೆವು. ಅಲ್ಲಿ ‘ಉಷ್ಣವಲಯದ ಜೌಗುಪ್ರದೇಶ’ವೆಂದು ಹೆಸರಿಟ್ಟ ಗಾಜಿನ ಮಂದಿರವೊಂದಿತ್ತು. ಬಾಗಿಲು ದಾಟಿದೊಡನೆ ಮೈಗೆ ಬೆಚ್ಚನೆಯ ಆವಿಯು ತಾಗುವದು. ಕೊಳವೆಗಳಿಂದ ಮಂಜು ಹೊರಡುವದು. ಸಿಮೆಂಟಿನ ಬಂಡೆಗಳ ಮೇಲಿಂದ ನೀರು ಧುಮುಕುವದು. ಮರೆಯಲ್ಲಿಟ್ಟ ಧ್ವನಿಯಂತ್ರದಿಂದ ಹಕ್ಕಿಗಳ ಕೂಗು ಕೇಳುವದು. ಕೊಂಬೆಯ ಮೇಲೆ ಕುಳಿತ ನಿಜವಾದ ಹಕ್ಕಿಗಳು ಮಾತ್ರ ಮೌನವಾಗಿದ್ದವು. ಹುಡುಗಿಯು ಬಹಳ ಹೊತ್ತು ಕಣ್ಣರಳಿಸಿ ನೋಡಿ, “ಮುತ್ಯಾ, ಇಂಥಾದ್ದು ನಮ್ಮ ಕಡಿ ಯಾಕಿಲ್ಲ?” ಎಂದು ಕೇಳಿದಳು.

ನಾವು ಅಫಜಲಪುರ ತಾಲೂಕಿನವರು. ಆಕೆಯು ಹುಟ್ಟಿದ ಮನೆಯಿಂದ ಭೀಮೆಯ ದಂಡೆಯು ಅರ್ಧ ಹರದಾರಿಯೂ ಇಲ್ಲ. ಆ ಮಗುವಿನ ಪ್ರಶ್ನೆಗೆ ಅಂದು ನಾವು ಉತ್ತರ ಕೊಡಲಿಲ್ಲ. ಇಂದು ಕೊಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು. ಉತ್ತರವು ಮಗುವಿಗೆ ಮಾತ್ರವಲ್ಲ; ನಮ್ಮ ಜಿಲ್ಲೆಯಲ್ಲಿ ಮೃಗಾಲಯವನ್ನು ಕಟ್ಟುವವರಿಗೂ, ಕಟ್ಟಿಸುವವರಿಗೂ, ಕಟ್ಟಿದ ಮೇಲೆ ಚೀಟಿ ಕೊಂಡು ಒಳಗೆ ಹೋಗುವ ನಮ್ಮೆಲ್ಲರಿಗೂ ಅದು ಸಲ್ಲತಕ್ಕದ್ದಾಗಿದೆ.

ಈ ಮಾತಿಗೆ ಈಗೇನು ಕಾರಣವೆಂದು ಕೆಲವರು ಕೇಳಬಹುದು. ಕಲಬುರಗಿಯ ಚಿಕ್ಕ ಮೃಗಾಲಯವನ್ನು ಚಿತ್ತಾಪುರ ತಾಲೂಕಿನ ಮಾಡಬೂಳದ ಕಡೆಗೆ ಸಾಗಿಸಿ ವಿಸ್ತರಿಸುವ ಯೋಜನೆಯ ವಾರ್ತೆಯು ಕೆಲವು ವರ್ಷಗಳಿಂದ ನಮ್ಮ ಕಿವಿಗೆ ಬೀಳುತ್ತಲಿದೆ. ಇಂಥ ಯೋಜನೆಯ ಮಾತು ಬಂದಾಗಲೆಲ್ಲ, ಹೊಸ ಮೃಗಾಲಯವು ಹೊಸ ಬಗೆಯದಾಗಿರಲಿ, ಕಂಬಿಯ ಪಂಜರಗಳನ್ನು ಬಿಟ್ಟು ನೋಡುವವನನ್ನೇ ಒಳಗೊಳ್ಳುವ ಕಾಡನ್ನೋ ಜೌಗನ್ನೋ ನಿರ್ಮಿಸಲಿ, ಎಂಬ ಬೇಡಿಕೆಯು ಹುಟ್ಟುವದು ಸಹಜವು. ಬೇಡಿಕೆಯು ಯೋಗ್ಯವಾದುದು. ಆದರೆ ಯಾವ ಜೌಗು? ಯಾರ ಜೌಗು? ಇದೇ ನಮ್ಮ ತಕರಾರು.

ಮೊದಲು ಈ ವಿದ್ಯೆಯ ಹುಟ್ಟನ್ನು ತಿಳಿಯುವದು ಅವಶ್ಯವು. 1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಹತ್ತಿರ ಕಾರ್ಲ್ ಹಾಗೆನ್‌ಬೆಕ್ ಎಂಬವನು ಕಂಬಿಗಳನ್ನು ಕಿತ್ತೊಗೆದು, ಕಣ್ಣಿಗೆ ಬೀಳದ ಕಂದಕಗಳನ್ನು ತೋಡಿ, ಪ್ರಾಣಿಗಳನ್ನು ಬಯಲಲ್ಲಿ ತೋರಿಸಿದನು. 1970ರ ದಶಕದಲ್ಲಿ ಅಮೇರಿಕದ ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದಲ್ಲಿ ಈ ವಿಚಾರವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಾಣಿಯು ನಮ್ಮ ತೋಟಕ್ಕೆ ಬಂದ ಅತಿಥಿಯಲ್ಲ, ನಾವೇ ಅದರ ಮನೆಗೆ ಹೋದ ಅತಿಥಿಗಳು. ಆದ್ದರಿಂದ ದಾರಿ, ಗಿಡ, ಮಣ್ಣು, ಸದ್ದು ಎಲ್ಲವೂ ಆ ಪ್ರಾಣಿಯ ನಾಡಿನವೇ ಆಗಿರಬೇಕು ಎಂಬುದು ಅವರ ತತ್ತ್ವವು. ಇದರಲ್ಲಿ ವಿನಯವಿದೆ. ಪಂಜರದ ಮುಂದೆ ನಿಂತವನು ಪ್ರಾಣಿಯನ್ನು ಕೈದಿಯಾಗಿ ಕಾಣುವನು. ಜೊಂಡಿನ ನಡುವೆ ನಿಂತವನು ತಾನು ಅಲ್ಪನೆಂದು ಅರಿಯುವನು. ಈ ತತ್ತ್ವಕ್ಕೆ ನಮ್ಮ ವಿರೋಧವಿಲ್ಲ. ತತ್ತ್ವವನ್ನು ಬಿಟ್ಟು ಅದರ ವೇಷವನ್ನಷ್ಟೇ ತರುವವರಿಗೆ ನಮ್ಮ ವಿರೋಧವುಂಟು.

ವೇಷವು ಹೇಗಿರುವದು? ಉಷ್ಣವಲಯದ ಜೌಗೆಂದೊಡನೆ ಇವರ ಮನಸ್ಸಿಗೆ ಬರುವದು ದಕ್ಷಿಣ ಅಮೇರಿಕದ ಹಸುರು, ಕೆಂಪು ಗಿಣಿ, ಬಿಳಲುಗಳ ತೋರಣ, ವರ್ಷದ ಹನ್ನೆರಡು ತಿಂಗಳೂ ತುಂಬಿ ತುಳುಕುವ ನೀಲಿ ಕೊಳ. ಇವರನ್ನು ನಾವು ಒಂದು ಸರಳವಾದ ಪ್ರಶ್ನೆಯನ್ನು ಕೇಳುವೆವು: ಉಷ್ಣವಲಯವು ಎಲ್ಲಿರುವದು? ಭೂಪಟವನ್ನು ತೆರೆದು ನೋಡಿರಿ. ಕರ್ಕಾಟಕ ಸಂಕ್ರಾಂತಿವೃತ್ತಕ್ಕೂ ಮಕರ ಸಂಕ್ರಾಂತಿವೃತ್ತಕ್ಕೂ ನಡುವಿನ ಭೂಮಿಯೆಲ್ಲವೂ ಉಷ್ಣವಲಯವೇ. ಆಳಂದ, ಅಫಜಲಪುರ, ಜೇವರ್ಗಿಗಳು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಬ್ರೆಝಿಲ್, ಬೊಲಿವಿಯ, ಪರಾಗ್ವೆಗಳಲ್ಲಿ ಹಬ್ಬಿದ, ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರಿನ ಪಂಟನಾಲ್ ಎಂಬ ಜಗತ್ಪ್ರಸಿದ್ಧವಾದ ಜೌಗು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಭೂಮಧ್ಯರೇಖೆಯ ಆಚೆಗೆ, ಇದೆ. ಅಂದ ಬಳಿಕ ಅಮರ್ಜೆಯು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದ ಕೆಸರು ಕೂಡ ಪಂಟನಾಲಿನಷ್ಟೇ ಉಷ್ಣವಲಯದ್ದು. ಇದ್ದುದನ್ನು ಇಲ್ಲವೆಂದುಕೊಂಡು ಕಡಲಾಚೆ ಹುಡುಕುವದು ಎಲ್ಲಿಯ ಜಾಣತನ?

ಮೇಲಾಗಿ ಇವರು ಪಂಟನಾಲನ್ನೂ ಸರಿಯಾಗಿ ನಕಲು ಮಾಡುವದಿಲ್ಲ. ಅಲ್ಲಿಯ ಜೀವನದ ಗುಟ್ಟು ಹಸುರಿನಲ್ಲಿಲ್ಲ, ನೆರೆಯಲ್ಲಿದೆ. ಮಳೆಗಾಲದಲ್ಲಿ ನದಿಯು ದಂಡೆ ಮೀರಿ ಬಯಲನ್ನು ಮುಳುಗಿಸುವದು. ಮಳೆಯಿಲ್ಲದ ಕಾಲದಲ್ಲಿ ಹಿಂದೆ ಸರಿದು ಕುಂಟೆಗಳನ್ನು ಮಾತ್ರ ಉಳಿಸುವದು. ನೀರು ಏರುವಾಗ ಮೀನು ಬಯಲಿಗೆ ಹೋಗಿ ಮರಿಮಾಡುವದು. ನೀರು ಇಳಿಯುವಾಗ ಕುಂಟೆಯಲ್ಲಿ ಸಿಕ್ಕಿದ ಮೀನನ್ನು ಹಕ್ಕಿಗಳು ತಿಂದು ತಮ್ಮ ಮರಿಗಳನ್ನು ಸಾಕುವವು. 1989ರಲ್ಲಿ ವೋಲ್ಫ್‌ಗಾಂಗ್ ಯುಂಕ್ ಮೊದಲಾದ ವಿಜ್ಞಾನಿಗಳು ಇದನ್ನು ನದಿಯ ನಾಡಿಮಿಡಿತಕ್ಕೆ ಹೋಲಿಸಿ ಒಂದು ಸಿದ್ಧಾಂತವನ್ನೇ ಮಂಡಿಸಿದರು. ನಾಡಿಯನ್ನು ನಿಲ್ಲಿಸಿ ದೇಹಕ್ಕೆ ಬಣ್ಣ ಬಳಿದರೆ ಅದನ್ನು ಏನೆನ್ನಬೇಕು? ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತ ಗಾಜಿನ ಮನೆಯ ನೀರು ಜೌಗಲ್ಲ, ಅಲಂಕಾರದ ತೊಟ್ಟಿಯು.

ಇನ್ನು ನಮ್ಮ ಭೀಮೆಯ ನಾಡಿಯನ್ನು ನೋಡೋಣ. ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುವ ಈ ನದಿಯು ನಮ್ಮ ಕಣ್ಣಮುಂದೆಯೇ ಏರಿ ಇಳಿಯುವದು. 2020ರ ಅಕ್ಟೋಬರದಲ್ಲಿಯೂ 2025ರ ಸಪ್ಟೆಂಬರದಲ್ಲಿಯೂ ಅದು ಅಫಜಲಪುರ, ಜೇವರ್ಗಿಗಳ ಊರುಗಳಿಗೆ ನುಗ್ಗಿದುದನ್ನು ಯಾರೂ ಮರೆತಿಲ್ಲ. ಅದೇ ನದಿಯಲ್ಲಿ ವೈಶಾಖದ ಹೊತ್ತಿಗೆ ಬಂಡೆಯ ಬೆನ್ನುಗಳೂ ಅಲ್ಲಲ್ಲಿ ಹಸಿರುಗಟ್ಟಿದ ಮಡುಗಳೂ ಉಳಿಯುವವು. ನೆರೆಯಿಳಿದ ಮೇಲೆ ದಂಡೆಯ ಎರೆಮಣ್ಣು ತೇವ ಹಿಡಿದು ನಿಲ್ಲುವದು. ಅಲ್ಲಿ ಆಪು, ಜೊಂಡು ಬೆಳೆಯುವವು. ಕೊಕ್ಕರೆ, ಕೆಂಬರಲು, ನೀರುಕಾಗೆ, ಮಿಂಚುಳ್ಳಿಗಳು ಬರುವವು. ಇದೇ ಭೀಮೆಯ ಮೇಲ್ದಂಡೆಯಲ್ಲಿ, ಉಜನಿ ಜಲಾಶಯದ ಹಿನ್ನೀರಿನಲ್ಲಿ, ರಾಜಹಂಸಗಳು ಸಾವಿರ ಸಂಖ್ಯೆಯಲ್ಲಿ ಇಳಿಯುವವು. ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಚಳಿಗಾಲವನ್ನು ಕಳೆಯುವವು. ಆ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಸೇರಿತು. ಹೊಸ ಮೃಗಾಲಯದವರಿಗೆ ಮಾದರಿಯು ಬೇಕಾದರೆ ಅದು ವಿಮಾನದ ದಾರಿಯಲ್ಲಿಲ್ಲ, ಬಸ್ಸಿನ ದಾರಿಯಲ್ಲಿದೆ.

ಈಗ ಲೆಕ್ಕದ ಮಾತು. ನಮ್ಮಂಥ ಬಿಸಿಲ ನಾಡಿನಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಎರಡು ಮೀಟರಿನಷ್ಟು ಆಳದ ನೀರು ಆವಿಯಾಗುವದೆಂದು ಹಿಡಿಯೋಣ. ಮಳೆಯು ಮರಳಿ ಕೊಡುವದು ಮುಕ್ಕಾಲು ಮೀಟರು. ಉಳಿದ ಒಂದೂ ಕಾಲು ಮೀಟರನ್ನು ನಾವೇ ತಂದು ಸುರಿಯಬೇಕು. ಒಂದು ಎಕರೆಯ ಕೊಳವನ್ನು ವರ್ಷವಿಡೀ ತುಂಬಿಡಬೇಕಾದರೆ ಸುಮಾರು 50 ಲಕ್ಷ ಲೀಟರು ಬೇಕಾಗುವದು. ಮನೆಮನೆಗೆ ನಲ್ಲಿಯನ್ನು ಕೊಡುವ ಸರಕಾರದ ಯೋಜನೆಯು ಹಳ್ಳಿಯವನೊಬ್ಬನಿಗೆ ದಿನಕ್ಕೆ 55 ಲೀಟರೆಂದು ಗೊತ್ತುಮಾಡಿದೆ; ಅಂದರೆ ವರ್ಷಕ್ಕೆ ಸುಮಾರು 20 ಸಾವಿರ ಲೀಟರು. ಹೀಗಿರಲು ಅಲಂಕಾರದ ಒಂದೆಕರೆ ಕೊಳವು 250 ಜನರ ವರ್ಷದ ನೀರನ್ನು ಗಾಳಿಗೆ ತೂರುವದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 200ಕ್ಕೂ ಮಿಕ್ಕಿ ಬರಗಾಲದವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಕೊಡ ಹೊತ್ತು ನಿಂತ ತಾಯಂದಿರ ಮುಂದೆ ಮಂಜಿನ ಯಂತ್ರವನ್ನು ಓಡಿಸುವ ಧೈರ್ಯವು ಯಾರಿಗಿದೆಯೋ ಅವರು ಮುಂದೆ ಬಂದು ಹೇಳಲಿ.

ಹಾಗಾದರೆ ಜೌಗನ್ನು ಕಟ್ಟುವದೇ ಬೇಡವೆ? ಬೇಕು, ಆದರೆ ನಮ್ಮ ನದಿಯ ಧರ್ಮದಂತೆ ಕಟ್ಟಬೇಕು. ಶ್ರಾವಣದಿಂದ ತುಂಬಿ, ಮಾಘದಿಂದ ಇಳಿಯುತ್ತ, ವೈಶಾಖದಲ್ಲಿ ನಡುವಿನ ಒಂದು ಆಳವಾದ ಮಡುವಿನಲ್ಲಿ ಮಾತ್ರ ನೀರು ನಿಲ್ಲುವಂತೆ ನೆಲವನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಬೇಕು. ಮೇಲಿನ ಮೆಟ್ಟಿಲಲ್ಲಿ ಕರಿಜಾಲಿ, ಹುಣಸೆ, ಹೊಂಗೆ. ಅದರ ಕೆಳಗೆ ಲಕ್ಕಿಯ ಪೊದೆ. ಅದರ ಕೆಳಗೆ ಆಪು, ಜೊಂಡು. ಒಂದು ಮಗ್ಗುಲಿಗೆ ಬಟ್ಟಬಯಲಾದ ಮರಳಿನ ದಿಣ್ಣೆ. ಮೊಸಳೆಗೂ ಆಮೆಗೂ ಮಡುವಿನ ಆಳವಿರಲಿ. ಆಮೆಯು ಮೊಟ್ಟೆಯಿಡಲು ಮರಳಿರಲಿ. ತುಂಗಭದ್ರೆಯಲ್ಲಿ 34 ಕಿಲೋಮೀಟರಿನ ಉದ್ದಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶವನ್ನು ಪಡೆದ ನೀರುನಾಯಿಯ ವಂಶಕ್ಕೂ ಇಲ್ಲೊಂದು ಮನೆಯಿರಲಿ. ನೀರನ್ನು ಕುಡಿಯುವ ನೀರಿನ ಕೊಳವೆಯಿಂದ ಎಳೆಯಬಾರದು. ಮಳೆಯ ನೀರನ್ನೂ ಪಟ್ಟಣದ ಶುದ್ಧೀಕರಿಸಿದ ಬಳಕೆಯ ನೀರನ್ನೂ ಜೊಂಡಿನ ಪಾತಿಗಳಲ್ಲಿ ಸೋಸಿ ಬಿಡಬೇಕು. ನೋಡುವವರ ದಾರಿಯು ನೀರಿನ ಅಂಚಿನಲ್ಲಿ ಸಾಗಲಿ. ಮಳೆಗಾಲದಲ್ಲಿ ಅದರ ಅರ್ಧ ಭಾಗವು ಮುಳುಗಿ ಮುಚ್ಚಲಿ. ಚೈತ್ರದಲ್ಲಿ ಬಂದ ಮಗುವು ಬಿರಿದ ಎರೆಮಣ್ಣಿನ ಮೇಲೆ ನಡೆದು, ಭಾದ್ರಪದದಲ್ಲಿ ಮತ್ತೆ ಬಂದಾಗ ಅದೇ ಜಾಗದಲ್ಲಿ ಮೀನು ಈಜುವದನ್ನು ನೋಡಿದರೆ, ಅದಕ್ಕಿಂತ ಹಿರಿದಾದ ಪಾಠವು ಯಾವ ಪುಸ್ತಕದಲ್ಲಿರುವದು?

ಇಲ್ಲಿ ಎರಡು ಆಕ್ಷೇಪಣೆಗಳು ಬರುವವು. ಅವನ್ನು ಮರೆಮಾಚದೆ ಮುಂದಿಡುವೆವು.

ಮೊದಲನೆಯದು ವ್ಯಾಪಾರಿಗಳ ಆಕ್ಷೇಪಣೆ. “ಮನೆಯ ಹಿತ್ತಲಲ್ಲಿ ಕಾಣುವ ಜಾಲಿ, ಕೊಕ್ಕರೆಗಳನ್ನು ನೋಡಲು ದುಡ್ಡು ಕೊಟ್ಟು ಯಾರು ಬರುವರು? ಜನಕ್ಕೆ ಅಪರೂಪದ್ದು ಬೇಕು” ಎಂದು ಇವರು ಹೇಳುವರು. ಮೈಸೂರಿಗೆ ಹೋಗಿ ನೋಡಿರಿ. 1892ರಲ್ಲಿ ಸ್ಥಾಪಿತವಾದ ಆ ಮೃಗಾಲಯಕ್ಕೆ ಹೊಂದಿಕೊಂಡೇ ಕಾರಂಜಿ ಕೆರೆಯಿದೆ. ಅಲ್ಲಿ ಜನರು ಒಳಹೊಕ್ಕು ತಿರುಗಾಡುವಂಥ ಹಕ್ಕಿಮನೆಯನ್ನು ಕಟ್ಟಿರುವರು. ಕೆರೆಯ ಮೇಲಿನ ಸ್ವತಂತ್ರವಾದ ಹಕ್ಕಿಗಳನ್ನು ನೋಡುವದಕ್ಕೂ ಜನರು ಬರುವರು. ರಂಗನತಿಟ್ಟಿನಲ್ಲಿರುವದು ಕಾವೇರಿಯ ನಡುಗಡ್ಡೆಗಳೂ ನಮ್ಮ ನಾಡಿನ ಹಕ್ಕಿಗಳೂ ಮಾತ್ರ. ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಇಂದಿಗೂ ಅಲ್ಲಿ ದೋಣಿಗಾಗಿ ಜನರು ಸಾಲು ನಿಲ್ಲುವರು. ಅಪರೂಪವೆಂಬುದು ಪ್ರಾಣಿಯಲ್ಲಿಲ್ಲ, ನೋಟದಲ್ಲಿದೆ. ಹಿತ್ತಲ ಕೊಕ್ಕರೆಯು ಗೂಡು ಕಟ್ಟಿದ್ದನ್ನು ಹತ್ತು ಮೊಳದ ಅಂತರದಿಂದ ನಮ್ಮಲ್ಲಿ ಎಷ್ಟು ಜನರು ನೋಡಿರುವೆವು? ನೀರುನಾಯಿಯು ಮೀನು ಹಿಡಿಯುವದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನರು ಕಂಡಿರುವರು? ನಾವು ಹತ್ತಿರವಿದ್ದುದನ್ನು ಕಂಡಿದ್ದೇವೆಂಬ ಭ್ರಮೆಯಲ್ಲಿರುವೆವು, ಅಷ್ಟೇ.

ಕಾನೂನಿನ ದೃಷ್ಟಿಯೂ ಇದೇ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 1991ರಲ್ಲಿ ತಿದ್ದುಪಡಿಯಾದ ಮೇಲೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಹುಟ್ಟಿತು. 1998ರ ರಾಷ್ಟ್ರೀಯ ಮೃಗಾಲಯ ನೀತಿಯು, ದೇಶದ ಜೀವಸಂಪತ್ತನ್ನು, ವಿಶೇಷವಾಗಿ ಪ್ರಾಣಿಗಳನ್ನು, ಉಳಿಸುವ ಕಾರ್ಯಕ್ಕೆ ಒತ್ತಾಸೆಯಾಗುವದೇ ಮೃಗಾಲಯದ ಮುಖ್ಯ ಉದ್ದೇಶವೆಂದು ಸಾರಿತು. ಮನರಂಜನೆಯು ಬೇಡವೆಂದಲ್ಲ, ಅದು ಊಟದಲ್ಲಿಯ ಉಪ್ಪಿನಕಾಯಿಯೇ ಹೊರತು ಊಟವಲ್ಲ.

ಎರಡನೆಯ ಆಕ್ಷೇಪಣೆಯು ಹೆಚ್ಚು ಬಲವಾದುದು. ಅದನ್ನು ಎತ್ತುವವರಲ್ಲಿ ನಮ್ಮ ಗೆಳೆಯರೂ ಇರುವರು. “ನಿಜವಾದ ನದಿಯೇ ಸಾಯುತ್ತಿರುವಾಗ ಅದರ ಬೊಂಬೆಯನ್ನು ಏಕೆ ಕಟ್ಟುವಿರಿ? ಆ ದುಡ್ಡನ್ನು ನದಿಗೇ ಹಾಕಿರಿ” ಎಂದು ಅವರು ಹೇಳುವರು. ಈ ಮಾತು ನಮ್ಮ ಎದೆಗೆ ನಾಟಿದೆ. ಭೀಮೆಯ ಮರಳನ್ನು ರಾತ್ರೋರಾತ್ರಿ ಬಗೆದು ಸಾಗಿಸುವದು ಅಫಜಲಪುರ, ಜೇವರ್ಗಿಗಳಲ್ಲಿ ಗುಟ್ಟಿನ ಮಾತಲ್ಲ. 2023ರ ಜೂನಿನಲ್ಲಿ ಜೇವರ್ಗಿ ತಾಲೂಕಿನಲ್ಲಿ ಮರಳಿನ ಟ್ರ್ಯಾಕ್ಟರನ್ನು ತಡೆಯಹೋದ ಪೊಲೀಸ ಹವಾಲ್ದಾರರೊಬ್ಬರು ಅದರ ಗಾಲಿಯಡಿಗೆ ಸಿಕ್ಕು ಪ್ರಾಣ ತೆತ್ತರು. ಮರಳೆಂದರೆ ನದಿಯ ಒಡಲಿನ ನೀರು. ಬೇಸಿಗೆಯಲ್ಲಿ ನೀರನ್ನು ಹಿಡಿದಿಡುವ ಚೀಲ. ಮರಳಿನ ದಿಣ್ಣೆಯ ಮೇಲೆ ಗೂಡೂ ಇಲ್ಲದೆ ಮೊಟ್ಟೆಯಿಡುವ ರೀವ ಹಕ್ಕಿಗೆ ಅದೇ ಬಾಣಂತಿಯ ಕೋಣೆ. ಅದು ಹೋದ ಮೇಲೆ ಉಳಿದ ಕೆಸರಿನಲ್ಲಿ ಬಳ್ಳಾರಿ ಜಾಲಿಯು ಹಬ್ಬುವದು. ಸೊನ್ನದ ಬ್ಯಾರೇಜು ಮೊದಲಾದ ಕಟ್ಟೆಗಳು ಹೊಲಕ್ಕೂ ಊರಿಗೂ ನೀರು ಕೊಡುವವೆಂಬುದು ನಿಜ. ಅಮರ್ಜೆಗೆ ಕೊರಳ್ಳಿಯ ಬಳಿ ಕಟ್ಟಿದ ಅಣೆಕಟ್ಟಿನಿಂದ ಆಳಂದದವರಿಗೆ ಉಪಕಾರವಾಗಿರುವದೂ ನಿಜ. ಆದರೆ ಕಟ್ಟೆಯ ಕೆಳಗೆ ನದಿಯೆಂದು ಕರೆಯಿಸಿಕೊಳ್ಳುವಷ್ಟಾದರೂ ನೀರನ್ನು ಬಿಡಬೇಕೆಂಬ ವಿಚಾರವು ಯಾರಿಗಿದೆ?

ಹೀಗಿದ್ದರೂ ನಾವು ಗೆಳೆಯರ ತೀರ್ಮಾನವನ್ನು ಒಪ್ಪುವದಿಲ್ಲ. ಕಾಣದುದನ್ನು ಪ್ರೀತಿಸುವದು ಮನುಷ್ಯನಿಗೆ ಕಷ್ಟವು. ಪ್ರೀತಿಸದುದನ್ನು ಕಾಯುವದಂತೂ ಆಗದ ಮಾತು. ನಮ್ಮ ಊರುಗಳ ಮಕ್ಕಳು ಭೀಮೆಯನ್ನು ನೋಡುವದು ಸೇತುವೆಯ ಮೇಲೆ ಓಡುವ ಬಸ್ಸಿನ ಕಿಟಕಿಯಿಂದ. ನೆರೆ ಬಂದಾಗ ಅದರ ಭಯ, ನೆರೆ ಹೋದಾಗ ಅದರ ಮರವೆ. ಆದುದರಿಂದ ಭೀಮೆಯ ದಂಡೆಯನ್ನೇ ತೋರಿಸುವ ಜೌಗು ನದಿಯ ಬೊಂಬೆಯಲ್ಲ, ನದಿಯ ಬಾಗಿಲಾಗಬಹುದು. ಆಗಬಹುದೆಂದೆವು, ಆಗಿಯೇ ತೀರುವದೆಂದು ಹೇಳಲಿಲ್ಲ. ಬಾಗಿಲಿನಾಚೆಗೆ ನದಿಯು ಇರಬೇಕು.

ಸ್ವಿಝರ್ಲೆಂಡಿನ ಝೂರಿಕ್ ಮೃಗಾಲಯವು 2003ರಲ್ಲಿ 11,000 ಚದರ ಮೀಟರಿನ ಒಂದು ಗಾಜಿನ ಕಾಡನ್ನು ತೆರೆಯಿತು. ಅದು ಮಡಗಾಸ್ಕರದ ಮಸೋಲಾ ಎಂಬ ಕಾಡಿನ ಪ್ರತಿರೂಪವು. ಹಿಮ ಬೀಳುವ ನಾಡಿನವರಿಗೆ ಗಾಜು ಬೇಕಾಯಿತು. ಅದಕ್ಕೆ ನಾವು ನಗುವದಿಲ್ಲ. ಗಮನಿಸತಕ್ಕ ಮಾತೇನಂದರೆ, ಆ ಮಂದಿರವು ಮೂಲದ ಮಸೋಲಾ ಕಾಡಿನೊಡನೆ ನಂಟನ್ನು ಕಟ್ಟಿಕೊಂಡಿದೆ. ಅದರ ಸಂರಕ್ಷಣೆಗೆ ಝೂರಿಕ್ಕಿನಿಂದ ಹಣವು ಹೋಗುತ್ತಿದೆ. ಸಾಗರದಾಚೆಯ ಕಾಡಿಗೆ ಅವರು ಇಷ್ಟು ಋಣಿಗಳಾಗಿರುವಾಗ, ಒಂದೆರಡು ತಾಸಿನ ದಾರಿಯ ನದಿಗೆ ನಾವು ಎಷ್ಟು ಋಣಿಗಳಾಗಿರಬೇಕು!

ಆದ್ದರಿಂದ ಮೃಗಾಲಯವನ್ನು ಕಟ್ಟುವವರಲ್ಲಿ ನಮ್ಮವು ಮೂರು ಬೇಡಿಕೆಗಳು. ಮೊದಲನೆಯದಾಗಿ, ಚೀಟಿಯ ಹಣದಲ್ಲಿ ಒಂದು ಗೊತ್ತಾದ ಪಾಲು ಭೀಮೆ, ಅಮರ್ಜೆಗಳ ಮಡುಗಳನ್ನೂ ಮರಳದಿಣ್ಣೆಗಳನ್ನೂ ಕಾಯುವ ಕಾರ್ಯಕ್ಕೆ ಹೋಗಬೇಕು. ಎಷ್ಟು ಹೋಯಿತೆಂಬುದನ್ನು ಬಾಗಿಲಲ್ಲಿಯೇ ಹಲಗೆಯ ಮೇಲೆ ಬರೆಯಬೇಕು. ಎರಡನೆಯದಾಗಿ, ಜೌಗಿನಲ್ಲಿ ನೀರಿನ ಮಟ್ಟವನ್ನು ತೋರಿಸುವ ಒಂದು ಕಲ್ಲುಕಂಬವಿರಲಿ. ಅದರ ಪಕ್ಕದಲ್ಲಿ ಅಂದಿನ ದಿನ ಸೊನ್ನದಲ್ಲಿ ಭೀಮೆಯ ಮಟ್ಟವೆಷ್ಟೆಂಬುದನ್ನೂ ಬರೆದಿಡಬೇಕು. ಮೂರನೆಯದಾಗಿ, ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆಗಳ ಮಕ್ಕಳು ಮೃಗಾಲಯಕ್ಕೆ ಬಂದ ದಿನವೇ, ಇಲ್ಲವೆ ಮರುದಿನ, ನಿಜವಾದ ನದಿಯ ದಂಡೆಗೂ ಹೋಗಿ ಬರುವ ಏರ್ಪಾಡಾಗಬೇಕು. ಈ ಮೂರೂ ಆಗದಿದ್ದರೆ ಜೌಗನ್ನು ಕಟ್ಟಬೇಡಿರಿ; ಆ ನೀರನ್ನು ಯಾವುದಾದರೊಂದು ಊರಿನ ದನಗಳ ಬಾನಿಗೆ ಬಿಡಿರಿ, ಪುಣ್ಯವಾದರೂ ಬಂದೀತು.

ಓದುಗರಲ್ಲಿಯೂ ಒಂದು ಮಾತು. ಮೃಗಾಲಯವನ್ನು ಕಟ್ಟುವವರು ನಾವು ಮೆಚ್ಚಿದ್ದನ್ನು ಕಟ್ಟುವರು. ನಾವು ಗಾಜಿನ ಮನೆಯ ಮುಂದೆ ನಿಂತು ಬೆರಗಾಗಿ, ಭೀಮೆಯ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ನಡೆದರೆ, ಅವರು ಗಾಜನ್ನೇ ಕಟ್ಟುವರು, ತಪ್ಪು ಅವರದಲ್ಲ. ಮಕ್ಕಳಿಗೆ ನಾವು ಏನನ್ನು ತೋರಿಸಿ “ನೋಡು, ಎಷ್ಟು ಚಂದ!” ಎನ್ನುವೆವೋ ಅದೇ ಅವರಿಗೆ ಚಂದವಾಗುವದು.

ಮೊಮ್ಮಗಳ ಪ್ರಶ್ನೆಗೆ ನಾವು ಅಂದು ಉತ್ತರ ಕೊಟ್ಟಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಆಕೆಯನ್ನು ಸಂಗಮಕ್ಕೆ ಕರೆದೊಯ್ದೆವು. ನೀರು ಇಳಿಯತೊಡಗಿತ್ತು. ಯಾತ್ರಿಕರು ಮೀಯುವ ಸ್ಥಳದಿಂದ ಸ್ವಲ್ಪ ದೂರದಲ್ಲಿ, ಕೆಸರಿನಲ್ಲಿ, ಏಳೆಂಟು ಬಿಳಿ ಕೆಂಬರಲುಗಳು ಕೊಕ್ಕನ್ನು ಊರುತ್ತ ನಡೆದಿದ್ದವು. ಅವಕ್ಕೆ ಧ್ವನಿಯಂತ್ರವಿರಲಿಲ್ಲ, ಮಂಜಿನ ಕೊಳವೆಯಿರಲಿಲ್ಲ. ಹುಡುಗಿಯು ಬಹಳ ಹೊತ್ತು ಸುಮ್ಮನೆ ನೋಡಿದಳು. ಬಳಿಕ, “ಮುತ್ಯಾ, ಇವು ನಾಳಿನೂ ಇರ್ತಾವೇನು?” ಎಂದು ಕೇಳಿದಳು.

ಈ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿಲ್ಲ. ಉತ್ತರವನ್ನು ಕೊಡತಕ್ಕವರು ಜಿಲ್ಲೆಯ ನಾವೆಲ್ಲರೂ.